ಕುಮಟೆಯ ಪಾಲು

ಬ್ಯಾಡಗಿ, ೧೦ ಜನವರಿ ೧೯೩೮, ಸೋಮವಾರ

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಈ ಮನೆಯಲ್ಲಿ ಅದರ ಉಪಯೋಗ ಇಷ್ಟೇ: ಬಂದ ಕಾಗದ ಓದಿ ಹೇಳುವುದು, ಹೋಗುವ ಕಾಗದ ಬರೆದು ಕೊಡುವುದು. ಇನ್ನು ಮೇಲೆ ನನಗಾಗಿಯೂ ಒಂದಿಷ್ಟು ಬರೆದುಕೊಳ್ಳುತ್ತೇನೆ. ಇಲ್ಲಿ ಯಾರ ಮುಂದೆ ಏನು ಅಂದರೂ ಸಂಜೆಯೊಳಗೆ ಅದು ನೆಗೆಣ್ಣಿ, ಭಾವನ ಹೆಂಡತಿ ಗೋದೂಬಾಯಿಯ ಕಿವಿಗೆ ಬಿದ್ದಿರುತ್ತದೆ. ಆಕೆಗೆ ಓದು ಬಾರದು. ಹೀಗಾಗಿ ಈ ವಹಿಯೊಂದೇ ಭರವಸೆಯ ಜಾಗ.

ಇವತ್ತು ಬರೆಯಲು ಕಾರಣವೂ ಇದೆ. ಮಾವನವರ ವರ್ಷಾಂತಿಕ ಮುಗಿಯಿತು. ರಾಘಣ್ಣ ಭಾವನವರು ಊಟವಾದ ಮೇಲೆ ನಮ್ಮ ಮನೆಯವರನ್ನೂ ನಮ್ಮಿಬ್ಬರು ಹೆಂಗಸರನ್ನೂ ಕೂಡಿಸಿ, ಯುಗಾದಿಗೆ ಅಣ್ಣತಮ್ಮಂದಿರು ಬೇರೆಯಾಗೋಣ ಎಂದರು. ಜಗಳವಿಲ್ಲ, ತಂಟೆಯಿಲ್ಲ. ಬ್ಯಾಡಗಿಯ ಮನೆ, ಅಂಗಳ, ಮೆಣಸಿನಕಾಯಿ ಅಂಗಡಿ ಒಂದು ಪಾಲು. ಕುಮಟೆಯ ಬಂದರದ ಅಂಗಡಿ, ಅದರ ಹಿಂದಿನ ಮನೆ ಇನ್ನೊಂದು ಪಾಲು. ಇಲ್ಲಿಂದ ಗಾಡಿಯಲ್ಲಿ ಹೋದ ಕಾಯಿ ಅಲ್ಲಿ ಹಡಗು ಏರುತ್ತದೆ. ಅಲ್ಲಿಯ ಗುಮಾಸ್ತರಿಗೆ ವಯಸ್ಸಾಗಿ ಕಣ್ಣು ಮಂಜಾಗಿವೆ. ಯಾರಾದರೂ ಒಬ್ಬರು ಹೋಗಿ ಇರಲೇಬೇಕು.

ನಮ್ಮ ಮನೆತನದ ಪದ್ಧತಿ ಎಂದರೆ ಹಿರಿಯನು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಬೇಕು. ಪಾಲು ಮಾಡುವವನ ಕೈ ನೆಟ್ಟಗಿರಲಿ ಎಂದು ಹಿಂದಿನವರು ಮಾಡಿಟ್ಟದ್ದು. ಅಂದರೆ ಆರಿಸುವುದು ನಮ್ಮ ಮನೆಯವರ ಹಕ್ಕು. ಇವರು ಕೋಣೆಗೆ ಬಂದು "ನೀ ಹ್ಯಾಂಗ ಹೇಳ್ತಿ ಹಾಂಗ" ಎಂದು ಕೈ ತೊಳೆದುಕೊಂಡರು.

ಮದುವೆಯಾಗಿ ಎಂಟು ವರ್ಷ. ಗೋದೂಬಾಯಿಗಿಂತ ಮೊದಲು ನನ್ನ ಕೈಗೆ ಬಂದದ್ದು ಇದೊಂದೇ.

೧೪ ಜನವರಿ, ಸಂಕ್ರಮಣ

ಕುಸುರೆಳ್ಳು ನಾನೂ ಮಾಡಿದೆ, ಆಕೆಯೂ ಮಾಡಿದಳು. ನನ್ನವು ಬೋಳು ಬೋಳಾಗಿ ಉಳಿದವು. ಆಕೆಯವು ಒಂದೊಂದೂ ಮುಳ್ಳು ಮುಳ್ಳಾಗಿ, ಮಲ್ಲಿಗೆಯಷ್ಟು ಬೆಳ್ಳಗೆ. ಓಣಿಯ ಹೆಂಗಸರು ಬಂದು ನನ್ನ ಬಟ್ಟಲಿನಿಂದ ಎರಡು ಕಾಳು, ಆಕೆಯ ಬಟ್ಟಲಿನಿಂದ ಹಿಡಿ ತೆಗೆದುಕೊಂಡರು.

ಅದೂ ಹೋಗಲಿ. ಪದ್ದಿಗೆ ಕುಸುರೆಳ್ಳಿನ ಸರ, ಬಳೆ, ಬೈತಲೆಮಣಿ ಎಲ್ಲ ದಾರದಲ್ಲಿ ಪೋಣಿಸಿ ತೊಡಿಸಿದಳು. ನನ್ನ ಮಗಳಿಗೆ ಐದು ವರ್ಷ. ಹೆತ್ತವಳು ಇದೇ ಪಡಸಾಲೆಯಲ್ಲಿ ಕೂತಿದ್ದೇನೆ. ಹುಡುಗಿ "ದೊಡ್ಡವ್ವಾ, ಕನ್ನಡಿ ತೋರಸು" ಎನ್ನುತ್ತಾ ಆಕೆಯ ಹಿಂದೆ ಓಡಿದಳು. ಓಡಿ ಕೆಮ್ಮಿದಳು. ಆಕೆ ಎತ್ತಿಕೊಂಡು ಬೆನ್ನು ಸವರಿದಳು. ಮಕ್ಕಳಿಲ್ಲದವಳು, ಪಾಪ ಎಂದು ಎಲ್ಲರೂ ಅನ್ನುತ್ತಾರೆ. ನನ್ನ ಮಗಳನ್ನು ಇಡಿಯಾಗಿ ಇಟ್ಟುಕೊಂಡವಳಿಗೆ ಇಲ್ಲದ್ದು ಏನು?

೨೮ ಜನವರಿ

ಸುಗ್ಗಿ. ಅಂಗಳದ ತುಂಬ ಮೆಣಸಿನಕಾಯಿ. ಮೋಟೆಬೆನ್ನೂರಿನ ಗಾಡಿಗಳು ಬೆಳಿಗ್ಗೆಯೇ ಬಂದು ಸಾಲು ನಿಲ್ಲುತ್ತವೆ. ಚೀಲ ಸುರಿದಾಗ ಏಳುವ ಧೂಳಿಗೆ ಇಡೀ ಓಣಿ ಸೀನುತ್ತದೆ. ಹಸೀನಾಬಿ ಮತ್ತು ಅವಳ ಜೊತೆಯವರು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಾರೆ. ಹಸೀನಾಬಿ ಈ ಅಂಗಳಕ್ಕೆ ನನಗಿಂತ ಹಳಬಳು. ಪದ್ದಿ ಕೆಮ್ಮುವುದನ್ನು ನೋಡಿ ಇವತ್ತು ಅಂದಳು: "ಬಾಯಾರ, ನಮ್ಮ ಎದಿ ಧೂಳು ಕುಡದು ಕುಡದು ಗಟ್ಟಿ ಆಗೇತಿ. ಈ ಕೂಸಿಂದು ಇನ್ನಾ ಹಸಿ ಎದಿ ಐತ್ರಿ."

ಮೆಣಸಿನಕಾಯಿ ಊರಲ್ಲಿ ಕೆಮ್ಮದವರು ಯಾರು ಎಂದೆ. ಗೋದೂಬಾಯಿಯೂ ಸೆರಗು ಬಾಯಿಗಿಟ್ಟುಕೊಂಡು ಕೆಮ್ಮುತ್ತಾಳೆ. ಅಷ್ಟು ಒಯ್ಯಾರದಿಂದ ಕೆಮ್ಮುವುದು ನನಗಂತೂ ಬರುವುದಿಲ್ಲ. ಆಕೆ ಪದ್ದಿಯ ಮೂಗಿಗೆ ಒದ್ದೆ ಬಟ್ಟೆ ಕಟ್ಟಿದ್ದಳು. ನಾನು ಬಿಚ್ಚಿದೆ. ಮತ್ತೆ ಕಟ್ಟಿದ್ದಾಳೆ.

೧೨ ಫೆಬ್ರುವರಿ

ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಅಕ್ಷರ ಹೇಗೆ ಬಂದರೂ ಸರಿ.

ಮೂರು ದಿನ ನಾನು ಹೊರಗಿದ್ದೆ. ಹಿತ್ತಲ ಕೋಣೆಯಲ್ಲಿ ಕೂತವಳು ಮಗಳನ್ನು ಮುಟ್ಟುವ ಹಾಗಿಲ್ಲ. ಆ ಸಂಧಿ ನೋಡಿಕೊಂಡು ಗೋದೂಬಾಯಿ ಭಾವನವರನ್ನು ಕರೆದುಕೊಂಡು ಪದ್ದಿಯನ್ನು ರೈಲಿನಲ್ಲಿ ಹಾವೇರಿಗೆ, ಡಾಕ್ಟರ ಹತ್ತಿರ ಒಯ್ದು ಬಂದಳು. ಹಾವೇರಿ ನನ್ನ ತವರು! ನನ್ನ ತವರೂರಿಗೆ ನನ್ನ ಮಗಳನ್ನು ಆಕೆ ಕರೆದೊಯ್ಯುತ್ತಾಳೆ, ನಾನು ಕಿಟಕಿಯಲ್ಲಿ ನೋಡುತ್ತ ಕೂತಿರಬೇಕು.

ಇವತ್ತು ಎರೆದುಕೊಂಡು ಒಳಗೆ ಬಂದ ಕೂಡಲೇ ಆಕೆ ಎದುರು ಬಂದು ನಿಂತಳು. "ಅನಸೂಯಾ, ಕೂಸಿಗೆ ಈ ಧೂಳು ತಡೀಲಿಕ್ಕಾಗೂದಿಲ್ಲಂತ. ಇನ್ನೆರಡು ಸುಗ್ಗಿ ಇಲ್ಲೇ ಇಟ್ರ ಎದಿ ಹಿಡೀತದಂತ ಡಾಕ್ಟರು ಹೇಳ್ಯಾರ. ಹಾವೇರಿ, ರಾಣೇಬೆನ್ನೂರು ಕಡೆ ಹತ್ತಿ ಅರಳಿ ಧೂಳು, ಅದೂ ಬ್ಯಾಡಂದ್ರು. ಕುಮಟೆ ಪಾಲು ನೀವು ತಗೋರಿ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಈ ದೊಡ್ಡ ಮನೆ, ಎಂಟು ಕಂಬದ ಪಡಸಾಲೆ, ಊರಲ್ಲಿಯ ಮರ್ಯಾದೆ ಎಲ್ಲ ತನಗೆ. ನನಗೆ ಉಸುಕು. "ನನ್ನ ಮಗಳ ಕೆಮ್ಮು ನನಗ ಗೊತ್ತದ, ಅಕ್ಕಾ" ಅಂದೆ. ಡಾಕ್ಟರ ಬಾಯಿಂದ ಮಾತಾಡಿದ್ದು ಆಕೆಯೇ. ಬ್ಯಾಡಗಿ ಬಿಟ್ಟು ನಾನು ಕದಲುವುದಿಲ್ಲ. ಇಲ್ಲಿಂದ ಹಾವೇರಿಗೆ ರೈಲಿದೆ, ಹಬ್ಬಕ್ಕೆ ಹೋಗಿ ಹಬ್ಬಕ್ಕೆ ಬರಬಹುದು. ಕುಮಟೆಯಲ್ಲಿ ನನಗೆ ಯಾರಿದ್ದಾರೆ?

೧೩ ಫೆಬ್ರುವರಿ

ಪದ್ದಿ ಊಟದ ನಡುವೆ ಕೆಮ್ಮಿ ಕೆಮ್ಮಿ ಉಂಡದ್ದೆಲ್ಲ ಕಾರಿದಳು. ತುತ್ತು ಅವಸರದಲ್ಲಿ ನುಂಗಿದಳು, ಅಷ್ಟೇ.

೯ ಮಾರ್ಚ್

ಎಂಥ ಹೆಂಗಸು! ಎಂಥ ಹೆಂಗಸು ಎಂದು ನನ್ನಷ್ಟಕ್ಕೆ ನಾನೇ ಹತ್ತು ಸಲ ಅಂದುಕೊಂಡೆ.

ಮಧ್ಯಾಹ್ನ ಗೋದೂಬಾಯಿ ಬಂದು, ತನ್ನ ತವರೂರು ಕುಮಟೆಯಲ್ಲಿರುವ ತಮ್ಮ ಮಂಗೇಶನಿಗೆ ಒಂದು ಕಾಗದ ಬರೆದುಕೊಡು ಎಂದಳು. ನಾನು ದೌತಿ, ಟಾಕು ತೆಗೆದುಕೊಂಡು ಕೂತೆ. ಆಕೆ ಗೋಡೆಗೊರಗಿ ಕೂತು ಹೇಳುತ್ತಾ ಹೋದಳು.

"ಮಂಗೇಶಾ, ಸಮುದ್ರ ನೋಡಿ ಹದಿನೆಂಟು ವರ್ಷ ಆತು. ಇಲ್ಲಿ ಬಚ್ಚಲದಾಗ ಕಾಲಿಗೆ ನೀರು ಹಾಕ್ಕೊಂಡಾಗೆಲ್ಲಾ ಅದರ ನೆನಪಾಗ್ತದ. ತೆರಿ ಹಿಂದಕ್ಕ ಹೋಗೂ ಮುಂದ ಅಂಗಾಲ ಕೆಳಗಿನ ಉಸುಕು ಜಾರ್ತದಲ್ಲಾ, ಅಷ್ಟು ಒಮ್ಮೆ ಸಿಕ್ಕರ ಸಾಕು ಅನಸ್ತದ. ಕುಮಟೆ ಪಾಲು ನಮಗ ಬಂದ್ರ ದೇವರು ಕಣ್ಣು ತೆರದಾಂಗ. ಸಣ್ಣವರು ಬ್ಯಾಡಗಿನ ತಗೋತಾರ, ನನಗ ಖಾತ್ರಿ ಅದ. ಮನಿ ಸುಣ್ಣ ಮಾಡಿಸಿ ಇಡು, ನಾ ಬರ್ತೀನಿ."

ನಡುವೆ ಕೆಮ್ಮು ಬಂದು ಎರಡು ಸಲ ನಿಲ್ಲಿಸಿದಳು. ಕಣ್ಣಲ್ಲಿ ನೀರಿತ್ತು. ನಾಟಕವಲ್ಲ. ಎಂಟು ವರ್ಷ ಆಕೆಯ ಮುಖ ನೋಡುತ್ತಾ ಬಂದವಳಿಗೆ ಅಷ್ಟು ತಿಳಿಯುತ್ತದೆ. ಟಾಕು ಒಂದು ಗಳಿಗೆ ನಿಂತಿತು.

ಆಮೇಲೆ ಎಲ್ಲ ತಿಳಿಯಿತು. ಕುಮಟೆ ನೀವು ತಗೋರಿ ಎಂದು ಆ ದಿನ ಅಂದದ್ದು ಯಾಕೆ? ಆಕೆ ಹೇಳಿದ್ದನ್ನು ನಾನು ಕೇಳುವುದಿಲ್ಲ ಎಂದು ಆಕೆಗೆ ಗೊತ್ತು. ತಗೋ ಎಂದರೆ ನಾನು ಒಲ್ಲೆ ಎನ್ನಬೇಕು, ನಾನು ಒಲ್ಲೆ ಎಂದದ್ದು ಆಕೆಯ ಮಡಿಲಿಗೆ ಬೀಳಬೇಕು. ಡಾಕ್ಟರ ಕತೆ ಎಲ್ಲ ಅದಕ್ಕೇ. ಅದನ್ನು ನನ್ನ ಕೈಯಿಂದಲೇ ಬರೆಸುವಷ್ಟು ದಡ್ಡಿ ಎಂದುಕೊಂಡಿರಲಿಲ್ಲ. ಖುಷಿಯಲ್ಲಿ ಮೈಮರೆತಿರಬೇಕು.

ಕಾಗದ ಮಡಚಿ ಕೊಟ್ಟೆ. ಇವರು ಅಂಚೆಗೆ ಹಾಕಿ ಬಂದರು.

೧೧ ಮಾರ್ಚ್

ಇವರು ಅಂಗಡಿಯ ಮೇಜಿನ ಹತ್ತಿರ ಏನೋ ಬರೆಯುತ್ತಿದ್ದರು, ಗೋದೂಬಾಯಿ ಬಾಗಿಲ ಬಳಿ ನಿಂತು ಹೇಳುತ್ತಿದ್ದಳು. ನಾನು ಹೋದ ಕೂಡಲೇ ಇವರು ಕಾಗದವನ್ನು ಲೆಕ್ಕದ ಪುಸ್ತಕದ ಕೆಳಗೆ ಸರಿಸಿದರು. ಏನದು ಎಂದರೆ, ಕರ್ಜಗಿಯಿಂದ ಶೇಂಗಾ ತರಿಸುವ ಚೀಟಿ ಎಂದರು ಇವರು. ಶೇಂಗಾ ತರಿಸುವುದಕ್ಕೂ ಆಕೆಗೆ ನನ್ನ ಗಂಡನೇ ಬೇಕು.

೨೯ ಮಾರ್ಚ್

ನಿರ್ಧಾರ ಮಾಡಿದೆ. ಇವರಿಗೆ ಹೇಳಿದೆ. ಇವರು "ಆತು" ಎಂದರು. ಮುಖದ ಮೇಲೆ ಆಶ್ಚರ್ಯದ ಗೆರೆಯೂ ಇಲ್ಲ. ಈ ಗಂಡಸಿಗೆ ಯಾವುದೂ ನಾಟುವುದಿಲ್ಲ.

ಹಾವೇರಿಯ ನೆನಪಾಗಿ ಸ್ವಲ್ಪ ಅತ್ತೆ.

೧ ಏಪ್ರಿಲ್, ಯುಗಾದಿ

ಆಯಿತು.

ದೇವರ ಮುಂದೆ ತಾಟಿನಲ್ಲಿ ಬೇವುಬೆಲ್ಲ, ಅದರ ಪಕ್ಕಕ್ಕೆ ಎರಡು ಬೀಗದಕೈ ಗೊಂಚಲು. ಭಾವನವರು ತಾಟನ್ನು ಇವರ ಮುಂದೆ ಸರಿಸಿದರು. "ಬಾಳೂ, ಸಣ್ಣಾವ ನೀ. ಎತ್ತು." ಇವರು ನನ್ನ ಮುಖ ನೋಡಿದರು. ನಾನು ಗೋದೂಬಾಯಿಯ ಮುಖ ನೋಡಿದೆ. ಆಕೆ ಕುಮಟೆಯ ಗೊಂಚಲನ್ನೇ ನೋಡುತ್ತಿದ್ದಳು.

"ಕುಮಟೆ" ಎಂದೆ.

ಆಕೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೋಡಿದೆ. ಎಂಟು ವರ್ಷದ ಕುಸುರೆಳ್ಳು, ಎಂಟು ವರ್ಷದ ಹೊಗಳಿಕೆ, ದೊಡ್ಡವ್ವಾ ದೊಡ್ಡವ್ವಾ ಎಂಬ ಕೂಗು, ಎಲ್ಲಕ್ಕೂ ಇವತ್ತು ಉತ್ತರ ಕೊಟ್ಟೆ. ಗೆದ್ದೆ ಅನಿಸಿತು. ಹೋಳಿಗೆ ಮಾತ್ರ ಯಾಕೋ ಅರ್ಧಕ್ಕೇ ಬಿಟ್ಟು ಎದ್ದೆ.

೧೮ ಏಪ್ರಿಲ್

ನಾಳೆ ಹೊರಡುವುದು. ಹಾವೇರಿಯಿಂದ ಶಿರಸಿ, ಶಿರಸಿಯಿಂದ ಘಟ್ಟ ಇಳಿದು ಕುಮಟೆ, ಸರ್ವಿಸ್ ಮೋಟಾರಿನಲ್ಲಿ. ಗೋದೂಬಾಯಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಅಗಸಿ ಹಿಂಡಿ ಎಲ್ಲ ಡಬ್ಬಿಗೆ ತುಂಬಿ ಕಟ್ಟಿದ್ದಾಳೆ. ಸೋತವಳಿಗೆ ಇಷ್ಟೊಂದು ಉಪಚಾರ ಯಾಕೋ. ಪದ್ದಿ ಆಕೆಯ ಕೊರಳು ತಬ್ಬಿಕೊಂಡು "ನೀನೂ ಬಾ" ಎಂದು ಅತ್ತಳು. ಅವಳನ್ನು ಕೈಯಿಂದ ಕೈಗೆ ಬಿಡಿಸಿಕೊಳ್ಳಲು ನನಗೆ ಸಾಕುಬೇಕಾಯಿತು. ಹೆತ್ತ ತಾಯಿಯ ಜೊತೆ ಹೊರಟ ಹುಡುಗಿ ಅಷ್ಟು ಅಳುವುದು ಎಲ್ಲಾದರೂ ಉಂಟೇ?

ಕುಮಟೆ, ೩ ಮೇ

ಬೆವರು. ಮೈಗೆ, ಗೋಡೆಗೆ, ಉಪ್ಪಿನ ಡಬ್ಬಿಗೆ ಕೂಡ ಬೆವರು. ಹಾಸಿಗೆಯಲ್ಲಿ ಉಸುಕು, ಅನ್ನದಲ್ಲಿ ಉಸುಕು. ಅನ್ನವೋ, ಒಂದೊಂದು ಅಗಳೂ ಕಡಲೆಯಷ್ಟು ದಪ್ಪ. ಸಮುದ್ರ ಹಗಲೆಲ್ಲ ಗುಂಯ್ ಎನ್ನುತ್ತಿರುತ್ತದೆ, ಅದಕ್ಕೆ ಸುಮ್ಮನಿರು ಎನ್ನುವವರಿಲ್ಲ. ಸಂಜೆ ಹೋಗಿ ನೋಡಿದೆ. ನೀರು. ಇದಕ್ಕಾಗಿ ಹದಿನೆಂಟು ವರ್ಷ ಕೊರಗಿದಳಂತೆ!

ಮನೆ ಮಾತ್ರ ಚೆನ್ನಾಗಿದೆ, ಒಪ್ಪಬೇಕು. ಮಂಗೇಶ ಸುಣ್ಣ ಮಾಡಿಸಿದ್ದಾನೆ. ಬಾವಿಗೆ ಹೊಸ ಗಡಗಡಿ, ಅಡಿಗೆಮನೆಗೆ ಹೊಗೆ ಹೋಗಲು ಹೊಸ ಕಿಂಡಿ. ಎಲ್ಲ ಅಕ್ಕ ಬರುತ್ತಾಳೆ ಎಂದು ಮಾಡಿಸಿದ್ದು, ನನಗೆ ದಕ್ಕಿತು. ಪಡಸಾಲೆಯಲ್ಲಿ ಒಂದು ಜೋಕಾಲಿ ಕೂಡ ತೂಗಿಸಿದ್ದಾನೆ. ಅದನ್ನು ಎಷ್ಟು ಕೆಳಗೆ ಕಟ್ಟಿದ್ದಾನೆ ಎಂದರೆ, ಕೂತರೆ ನನ್ನ ಮೊಣಕಾಲು ಗದ್ದಕ್ಕೆ ಬರುತ್ತದೆ. ಈ ಊರಿನವರಿಗೆ ಅಳತೆಯೇ ತಿಳಿಯದು. ಪದ್ದಿಗೆ ಮಾತ್ರ ಸರಿಯಾಗಿದೆ, ಇಡೀ ದಿನ ಇಳಿಯುವುದಿಲ್ಲ.

೨೨ ಮೇ

ಗೋದೂಬಾಯಿಗೆ ಕಾಗದ ಬರೆದೆ. ಸಮುದ್ರ ಬಹಳ ಚೆಂದ, ದಿನಾ ಸಂಜೆ ಕಾಲು ತೋಯಿಸಿಕೊಂಡು ಬರುತ್ತೇವೆ, ಅಂಗಾಲ ಕೆಳಗೆ ಉಸುಕು ಜಾರುವ ಸುಖ ಹೇಳತೀರದು ಎಂದು ಎರಡು ಮಗ್ಗಲು ತುಂಬಿಸಿದೆ. ಭಾವನವರು ಓದಿ ಹೇಳುತ್ತಾರೆ, ಆಕೆ ಕೇಳಬೇಕು. ಕೇಳಿ ಉರಿಯಲಿ.

೯ ಜೂನ್

ಉತ್ತರ ಬಂತು, ಭಾವನವರ ಅಕ್ಷರ. "ನೀ ಬರದ ಕಾಗದ ಮೂರು ಸಲ ಓದಿಸಿಕೊಂಡೆ. ಇನ್ನೂ ಬರೀತಿರು. ಪದ್ದಿ ಕೆಮ್ಮು ಹ್ಯಾಂಗದ?"

ಉರಿಯುವುದೂ ಬರುವುದಿಲ್ಲ ಈ ಹೆಂಗಸಿಗೆ.

ಪದ್ದಿಯ ಕೆಮ್ಮು? ಯೋಚಿಸಿ ನೋಡಿದೆ. ಯಾವಾಗ ನಿಂತಿತೋ ನೆನಪಿಲ್ಲ.

೧೭ ಜುಲೈ

ಮಳೆ ಹಿಡಿದು ಎಂಟು ದಿನ. ಹೊರಗೆ ಹೋದ ಇವರು ಬರಲಿಲ್ಲವೆಂದು ಮಂಗೇಶನ ಅಂಗಡಿಗೆ ಹೋದೆ, ಅಷ್ಟರಲ್ಲಿ ಮಳೆ ಜೋರಾಗಿ ಅಲ್ಲೇ ಕೂರಬೇಕಾಯಿತು. ಮಂಗೇಶ ಒಳಗೆ ಗೋಣಿಚೀಲ ಮೇಲೆತ್ತಿಸುತ್ತಿದ್ದ. ಗೋಡೆಯ ಮೇಲೆ, ಎಲ್ಲ ಅಂಗಡಿಗಳಲ್ಲಿ ಇರುವ ಹಾಗೆ, ಬಂದ ಕಾಗದ ಚುಚ್ಚಿ ಇಡುವ ತಂತಿ. ಹೊತ್ತು ಹೋಗಲೆಂದು ಸುಮ್ಮನೆ ನೋಡುತ್ತಾ ಹೋದೆ. ನನ್ನ ಅಕ್ಷರ ಕಂಡಿತು. ಮಾರ್ಚಿನಲ್ಲಿ ನಾನೇ ಬರೆದುಕೊಟ್ಟದ್ದು. ಮುತ್ತಿನಂಥ ಅಕ್ಷರ ಎಂದು ಖುಷಿಯಾಯಿತು.

ಅದರ ಮೇಲೆಯೇ ಚುಚ್ಚಿದ್ದ ಕಾಗದದ ಅಕ್ಷರ ನಮ್ಮ ಮನೆಯವರದು. ಮೇಲೆ ೧೧ ಮಾರ್ಚ್ ಎಂದಿತ್ತು. ಶೇಂಗಾದ ಚೀಟಿಯ ದಿನ. ಕೆಳಗೆ ಗೋದೂಬಾಯಿಯ ಹೆಸರು. ಬಾಯಿಪಾಠವಾಗುವವರೆಗೆ ಓದಿದ್ದೇನೆ, ಇಲ್ಲಿ ಇಳಿಸುತ್ತೇನೆ.

"ಮಂಗೇಶಾ, ಮೊನ್ನಿ ಕಾಗದದಾಗ ಬರಸಿದ್ದು ಸುಳ್ಳಲ್ಲ, ನನ್ನ ಮನಸಿನ ಮಾತ. ಆದ್ರ ಬರಾಕಿ ನಾನಲ್ಲ. ಅನಸೂಯಾ ಬರ್ತಾಳ. ಪದ್ದಿ ಎದಿಗೆ ಇಲ್ಲಿಯ ಹವಾ ಆಗೂದಿಲ್ಲ. ಹೋಗು ಅಂತ ನಾ ಅಂದ್ರ ಆಕಿ ಹೋಗೂದಿಲ್ಲ. ನಾ ಹೋಗ್ತೀನಿ ಅಂತ ತಿಳದ್ರ ಹೋಗ್ತಾಳ. ಅದಕ್ಕ ಆಕಿ ಕೈಲೇ ಬರಸಿದೆ. ಅಡಿಗಿಮನಿ ಹೊಗಿ ಹೊರಗ ಹೋಗೂ ಹಾಂಗ ಮಾಡಸು. ಕೂಸಿಗೆ ಒಂದು ಜೋಕಾಲಿ ಹಾಕಸು, ಕಾಲು ನೆಲಕ್ಕ ಮುಟ್ಟಬೇಕು. ಅನಸೂಯಾ ಸಿಟ್ಟಿನಾಕಿ, ಆದ್ರ ಹೊಟ್ಟಿಯೊಳಗ ಏನೂ ಇಟ್ಕೊಳ್ಳೂದಿಲ್ಲ. ಆಕಿನ್ನ ನನ್ನಾಂಗ ನೋಡ್ಕೋ. ಇದು ಆಕಿಗೆ ಗೊತ್ತಾಗಬಾರದು."

ಮಳೆಯಲ್ಲೇ ಎದ್ದು ಬಂದೆ.

ಸಂಜೆ ಇವರನ್ನು ಕೇಳಿದೆ. ನಾನು ಎಂಥವಳೆಂದು ಎಲ್ಲರೂ ಕೂಡಿ ಅಳೆದು ತೂಗಿದ್ದಿರೇನು ಎಂದೆ. ಇವರು "ವೈನಿ ಅತ್ಕೋತ ಹೇಳಿದ್ರು. ನಾ ಬರದೆ. ಪದ್ದಿ ಕೆಮ್ಮು ನಿಂತದಲ್ಲ, ಅನಸೂಯಾ" ಎಂದರು.

ಒಳಗೆ ಹೋಗಿ ರೊಟ್ಟಿ ಬಡಿದೆ. ಪಕ್ಕದ ಮನೆಯವರು ಏನಾಯಿತೆಂದು ಇಣುಕಿ ಹೋದರು.

೧೯ ಜುಲೈ

ನಿನ್ನೆ ಏನೂ ಬರೆಯಲಾಗಲಿಲ್ಲ. ನಾಚಿಕೆ, ಸಿಟ್ಟು, ಯಾವುದು ಎಷ್ಟು ಎಂದು ಹೇಳಲಾರೆ. ಒಳ್ಳೆಯತನದಲ್ಲೂ ಆಕೆಯೇ ಮೇಲಾದಳಲ್ಲ, ಅದಕ್ಕೂ ಹೊಟ್ಟೆಕಿಚ್ಚಾಗುತ್ತಿದೆ. ಸಮುದ್ರವನ್ನೂ ಬಿಟ್ಟಳು, ಪದ್ದಿಯನ್ನೂ ಬಿಟ್ಟಳು. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆಯನ್ನು ನಾನು ಬಿಚ್ಚಿ ಎಸೆಯುತ್ತಿದ್ದೆ. ಹೆತ್ತವಳು.

ಕಾಗದದಲ್ಲಿ ಆಕೆ ಒಂದೇ ತಪ್ಪು ಹೇಳಿದ್ದಾಳೆ. ಹೊಟ್ಟೆಯೊಳಗೆ ಏನೂ ಇಟ್ಟುಕೊಳ್ಳುವುದಿಲ್ಲವಂತೆ ನಾನು. ಈ ವಹಿ ಓದಲು ಆಕೆಗೆ ಬಾರದ್ದು ಒಳ್ಳೆಯದೇ ಆಯಿತು.

೨೦ ಸೆಪ್ಟೆಂಬರ್

ದೀಪಾವಳಿ ಹತ್ತಿರ ಬಂತು. ಅದು ಕಳೆದರೆ ಬ್ಯಾಡಗಿಯಲ್ಲಿ ಮತ್ತೆ ಗಾಡಿ ಬರಲು ಸುರುವಾಗುತ್ತದೆ. ಭಾವನವರ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ಇವಳಿಗೆ ಕೆಮ್ಮು ಮಳೆಗಾಲದಲ್ಲೂ ಬಿಟ್ಟಿಲ್ಲ. ಆಕೆ ಹೇಳಿ ಬರೆಸಿದ್ದಲ್ಲ, ಭಾವನವರು ತಾವಾಗಿ ಸೇರಿಸಿದ್ದು.

ಬನ್ನಿ ಎಂದು ಮೂರು ಸಲ ಬರೆದೆ. ಮನೆ ಬಿಟ್ಟು ಬರಲಾಗದು, ಅವರ ಊಟಕ್ಕೆ ತೊಂದರೆ, ಮುಂದೆ ನೋಡೋಣ ಎಂದು ಮೂರು ಸಲವೂ ಅದೇ ಉತ್ತರ. ಬಾ ಎಂದರೆ ಬರುವ ಜಾತಿಯಲ್ಲ. ಹಾಗಾದರೆ ಏನೆಂದರೆ ಬಂದಾಳು ಎಂದು ಇವತ್ತು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ನಾಲ್ಕೇ ಸಾಲು ಬರೆದೆ: "ಇಲ್ಲಿ ಎಲ್ಲರೂ ಆರಾಮ. ನೀವು ಬರದಿದ್ದರೂ ನಡೆಯುತ್ತದೆ. ಪದ್ದಿಗೆ ಇಲ್ಲಿ ಗೆಳತಿಯರಾಗಿದ್ದಾರೆ. ದೊಡ್ಡವ್ವ ಅಂದರೆ ಯಾರು ಅನ್ನುತ್ತಾಳೆ."

ನಾನು ಬರೆಯುವಾಗ ಪದ್ದಿ ಜೋಕಾಲಿಯಲ್ಲಿ ಕೂತು, ದೊಡ್ಡವ್ವನಿಗೆ ತೋರಿಸಬೇಕೆಂದು ಆರಿಸಿಟ್ಟ ಕಪ್ಪೆಚಿಪ್ಪುಗಳನ್ನು ಉಡಿಯಲ್ಲಿ ಹಾಕಿಕೊಂಡು ಎಣಿಸುತ್ತಿದ್ದಳು.

೬ ಅಕ್ಟೋಬರ್

ಅಕ್ಕ ಬಂದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಮೋಟಾರಿನಿಂದ ಇಳಿದವರೇ ನನ್ನನ್ನು ಮಾತಾಡಿಸಲಿಲ್ಲ, ಪದ್ದಿ ಎಲ್ಲಿ ಎಂದರು. ಪದ್ದಿ ನನ್ನ ಕೈ ಬಿಡಿಸಿಕೊಂಡು ಓಡಿ ಹೋಗಿ ಅವರ ಸೊಂಟ ಹಿಡಿದವಳು ಇನ್ನೂ ಬಿಟ್ಟಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಸಮುದ್ರಕ್ಕೆ ಹೋದೆವು. ಅಕ್ಕ ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಿಂತರು. ತೆರೆ ಬಂದು ಹಿಂದೆ ಸರಿಯಿತು. ಅವರು ಕಣ್ಣು ಮುಚ್ಚಿಕೊಂಡು ಕಾಲ್ಬೆರಳುಗಳನ್ನು ಉಸುಕಿನಲ್ಲಿ ಊರಿದರು. ಎಷ್ಟೋ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ ಅಂದರು: "ಪದ್ದಿ ನನ್ನ ಮರತಿಲ್ಲ ಅಂತ ನನಗ ಗೊತ್ತಿತ್ತು, ಅನಸೂಯಾ."

"ಮತ್ತ ಯಾಕ ಬಂದ್ರಿ?"

"ನೀ ಸುಳ್ಳು ಬರದಿಯಲ್ಲಾ, ಅದಕ್ಕ ಬಂದೆ."

ನಾನೂ ಸೀರೆ ಎತ್ತಿಕೊಂಡು ಅವರ ಪಕ್ಕಕ್ಕೆ ಹೋಗಿ ನಿಂತೆ. ಉಸುಕು ಜಾರುವುದು ಇವತ್ತೇ ಗೊತ್ತಾಯಿತು. ಇಷ್ಟು ದಿನ ದಂಡೆಯ ಮೇಲೆ ನಿಂತು ನೋಡಿ ಬರುತ್ತಿದ್ದೆ.

ಹದಿನೈದು ದಿನಕ್ಕೆಂದು ಬಂದಿದ್ದಾರೆ, ದೀಪಾವಳಿ ಬ್ಯಾಡಗಿಯಲ್ಲೇ ಆಗಬೇಕಂತೆ. ಊಟವಾದ ಮೇಲೆ ಭಾವನವರಿಗೆ ಕಾಗದ ಬರೆದುಕೊಡು ಎಂದರು. ಕ್ಷೇಮವಾಗಿ ತಲುಪಿದೆ, ಹದಿನೈದು ದಿನದಲ್ಲಿ ಹೊರಡುತ್ತೇನೆ ಎಂದು ಹೇಳಿದರು. ಹೇಳಿದ ಹಾಗೆಯೇ ಬರೆದೆ.

ಅವರು ಪದ್ದಿಯನ್ನು ಮಲಗಿಸಲು ಹೋದಾಗ ಕೆಳಗೆ ನನ್ನದೊಂದಿಷ್ಟು ಸೇರಿಸಿದೆ. ದೀಪಾವಳಿಗೆ ತಾವೇ ಇಲ್ಲಿಗೆ ಬರಬೇಕು, ಮೆಣಸಿನಕಾಯಿ ಸುಗ್ಗಿ ಮುಗಿಯುವವರೆಗೆ ಅಕ್ಕನನ್ನು ನಾನು ಕಳಿಸುವುದಿಲ್ಲ, ಕಾಯಿಯ ಗಾಡಿಯ ಜೊತೆ ಅವರ ದಪ್ಪ ಕೌದಿ ಕಳಿಸಿಕೊಡಿ, ಇದು ಅವರಿಗೆ ಗೊತ್ತಾಗಬಾರದು ಎಂದು.

ಓದಿ ಹೇಳು ಎಂದರು. ಮೇಲಿನದನ್ನಷ್ಟೇ ಓದಿದೆ.